ಸಂಜೆಯ ಬಸ್ಸಿಗೆ ಮತ ಕೇಳಿದ್ದು

ನಮ್ಮ ಬ್ಲಾಗ್ ತಾಣದಲ್ಲಿ ಓದುಗರಿಂದ ಮತ ಕೇಳುವ ಒಂದು ವ್ಯವಸ್ಥೆ ಇರಬೇಕು ಎಂದು ಮೊದಲು ಹೇಳಿದವನು ನಾನಲ್ಲ. ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ ಜನ ನನ್ನನ್ನೇ ಕೇಳಿದರು.

ತಾಣ ದೊಡ್ಡದೇನಲ್ಲ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಜನ ತಮಗೆ ತೋಚಿದ್ದನ್ನು ಬರೆದು ಹಾಕುವ ಜಾಗ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವ ಕೆಲಸದಿಂದ ನಿವೃತ್ತನಾಗಿ ತರೀಕೆರೆಗೆ ಬಂದು ಕೂತ ಮೇಲೆ ಶುರುಮಾಡಿದೆ. ಬಂದ ಬರಹ ಓದುವುದು, ತಪ್ಪು ತಿದ್ದುವುದು, ಯಾರ ಮೇಲಾದರೂ ಸುಮ್ಮನೆ ಕೆಸರು ಎರಚಿದ್ದರೆ ತೆಗೆಯುವುದು ನನ್ನ ಕೆಲಸ. ಕಂಪ್ಯೂಟರಿನ ಒಳಗಿನದನ್ನೆಲ್ಲ ನೋಡಿಕೊಳ್ಳುವವನು ಬೀರೂರಿನ ಗೆಳೆಯ. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಪಹಣಿ, ಆಧಾರ್ ತಿದ್ದುಪಡಿ ಎಂದು ದಿನವಿಡೀ ಜನ. ಅವರ ಮಧ್ಯೆಯೇ ಅವನು ನಮ್ಮ ತಾಣಕ್ಕೆ ಕೋಡ್ ಬರೆಯುತ್ತಾನೆ. ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವನು, ಸಾರ್ ಎನ್ನುತ್ತಾನೆ, ಆದರೆ ನನ್ನ ಮಾತು ಕೇಳುವುದು ಕಡಿಮೆ.

ತಾಣದಲ್ಲಿ ಬರೆಯುವವರಲ್ಲಿ ಹೆಚ್ಚು ಓದುಗರಿರುವುದು ಒಬ್ಬ ಹೆಣ್ಣುಮಗಳಿಗೆ. ಆಕೆ ಕಡೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾರೆ. ಊರು ಅಜ್ಜಂಪುರದ ರಸ್ತೆಯಲ್ಲಿ, ಪೇಟೆ ಸಿಗುವುದಕ್ಕೆ ಸ್ವಲ್ಪ ಮೊದಲು. ಸಂಜೆ ಏಳಕ್ಕೆ ಕಡೂರಿನಿಂದ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಮನೆಗೆ ಮರಳುತ್ತಾರೆ. ಆ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಬರೆಯುತ್ತಾರೆ, ಬರೆಯುವುದೂ ಆ ಬಸ್ಸಿನ ಬಗ್ಗೆಯೇ. ಒಂದು ಸೀಟಿಗಾಗಿ ಮಾತು ಬಿಟ್ಟ ಅಕ್ಕತಂಗಿಯರು, ಎಲ್ಲರಿಗೂ ಚಿಲ್ಲರೆಯ ಬದಲು ಬುದ್ಧಿವಾದ ಕೊಡುವ ಕಂಡಕ್ಟರು, ಬಾನೆಟ್ ಮೇಲೆ ಕೂತು ಬೀರೂರು ಬರುವವರೆಗೆ ನಿದ್ದೆ ಮಾಡಿ ಇಳಿಯುವಾಗ ‘ಇವತ್ತು ಡ್ರೈವರ್ ಸರಿ ಇಲ್ಲ’ ಎನ್ನುವ ಮುದುಕರು. ಸಣ್ಣ ಬರಹಗಳು. ನಾನು ತಿದ್ದಬೇಕಾದದ್ದು ಬಹಳ ಕಡಿಮೆ ಇರುತ್ತಿತ್ತು.

ಆ ಬಸ್ಸಿನ ಸಮಯ ಬದಲಾಗುತ್ತದೆ ಎಂಬ ಸುದ್ದಿಯನ್ನು ಫೋನ್ ಮಾಡಿ ಹೇಳಿದವರು ಆಕೆಯೇ. ಮಾಲೀಕರು ಏಳರ ಬದಲು ಐದಕ್ಕೆ ಹೊರಡಿಸಬೇಕು ಎಂದುಕೊಂಡಿದ್ದರು. ಕಾಲೇಜು ಹುಡುಗರು ನಾಲ್ಕೂವರೆಗೆಲ್ಲ ಕಡೂರು ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾರೆ, ಐದಕ್ಕೆ ಬಿಟ್ಟರೆ ಬಸ್ಸು ತುಂಬುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬಟ್ಟೆ ಅಂಗಡಿಯಲ್ಲಿ ಆಕೆಯನ್ನು ಬಿಡುವುದು ಆರೂವರೆಗೆ. ಏಳರ ಬಸ್ಸಿನ ನಂತರ ಆ ಊರಿಗೆ ಬೇರೆ ಬಸ್ಸಿಲ್ಲ. ರೈಲು ಹಿಡಿದರೂ ಸ್ಟೇಷನ್ನಿನಿಂದ ಊರಿಗೆ ಹೋಗಲು ಏನೂ ಸಿಗುವುದಿಲ್ಲ.

“ಐದಕ್ಕೆ ಬಸ್ಸು ಅಂದ್ರೆ ನಾನು ಕೆಲ್ಸ ಬಿಟ್ಟಂಗೇ ಸಾರ್” ಎಂದರು. “ಓನರ್‌ನ ಕೇಳ್ದೆ. ಏಳರ ಬಸ್ಸು ಎಷ್ಟು ಜನಕ್ಕೆ ಬೇಕು ತೋರ್ಸಮ್ಮ, ಆಮೇಲೆ ನೋಡಣ ಅಂದ್ರು. ನಮ್ಮ ಸೈಟ್ ಅವ್ರೂ ಓದ್ತಾರಂತೆ. ನೀವು ಅದ್ರಲ್ಲೇ ಒಂದು ಓಟಿಂಗ್ ಇಡಿ.”

ಹೀಗೆ ಶುರುವಾಯಿತು. ಒಬ್ಬರ ಕೆಲಸ ಉಳಿಸುವಂಥ, ಒತ್ತುವ ಒಂದು ಗುಂಡಿ ಮಾಡಿಕೊಡು ಎಂದು ನಾನು ಬೀರೂರಿನ ಅಂಗಡಿಗೆ ಹೋಗಿ ಕೂತೆ.

ಮತ ಕೇಳುವುದು ಸುಲಭ ಎಂದು ನನಗೆ ಅನಿಸಿತ್ತು. ಒಂದು ಪ್ರಶ್ನೆ, ಎರಡು ಉತ್ತರ, ಕೆಳಗೆ ಎಣಿಕೆ. ಮೊದಲ ದಿನವೇ ಗೆಳೆಯ ಎದುರಿನ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಪಾಠ ಶುರುಮಾಡಿದ. ಒಬ್ಬರು ಎರಡು ಸಲ ಒತ್ತದಂತೆ ಹೇಗೆ ತಡೆಯುವುದು? ಫೋನಿಗೆ ಓಟಿಪಿ ಕಳಿಸೋಣ ಎಂದೆ.

“ಓಟಿಪಿನಾ? ಸತ್ರೂ ಹಾಕಲ್ಲ ಸಾರ್ ಜನ” ಎಂದ. ಪಕ್ಕದಲ್ಲಿ ಪಹಣಿಗೆ ಕಾಯುತ್ತಿದ್ದ ಒಬ್ಬರು ತಲೆ ಎತ್ತಿ, “ಓಟಿಪಿ ಕೊಟ್ಟೇ ನಮ್ಮ ಷಡ್ಡಕನ ಅಕೌಂಟ್ ಖಾಲಿಯಾಯ್ತು ಕಣ್ರೀ” ಎಂದರು. ಗೆಳೆಯ ‘ಕೇಳಿಸ್ತಾ’ ಎನ್ನುವಂತೆ ನನ್ನನ್ನು ನೋಡಿದ.

ಓಟಿಪಿ ಬಿಟ್ಟೆವು. ಒಂದು ಫೋನಿನಿಂದ ಒಂದು ಮತ ಎಂದು ನಿರ್ಧಾರವಾಯಿತು. ಒತ್ತಿದ ಫೋನಿನಲ್ಲಿ ಒಂದು ಗುರುತು ಉಳಿಯುತ್ತದೆ, ಎರಡನೆಯ ಸಲ ಒತ್ತಿದರೆ ‘ನಿಮ್ಮ ಮತ ಆಗಲೇ ದಾಖಲಾಗಿದೆ’ ಎಂದು ಬರುತ್ತದೆ. ಒಂದೇ ಫೋನಿರುವ ಮನೆಗಳ ಕತೆ ಏನು ಎಂದು ಕೇಳಿದೆ. ಈಗ ಎಲ್ಲರ ಹತ್ತಿರವೂ ಫೋನಿದೆ, ಇಲ್ಲದವರು ನಮ್ಮ ತಾಣ ಓದುವುದೂ ಇಲ್ಲ ಎಂದ. ನಾನು ಒಪ್ಪಿದೆ.

ಮುಂದಿನ ಜಗಳ ಮೂರನೆಯ ಉತ್ತರದ ಬಗ್ಗೆ. ‘ಯಾವುದಾದರೂ ಸರಿ’ ಎಂದು ಒಂದು ಇರಲಿ ಎಂದು ಅವನು, ಬೇಡ ಎಂದು ನಾನು. ಅದಿದ್ದರೆ ನಮ್ಮ ಕಡೆಯ ಜನ ಯಾರ ಮನಸ್ಸನ್ನೂ ನೋಯಿಸಬಾರದು ಎಂದು ಅದನ್ನೇ ಒತ್ತುತ್ತಾರೆ ಎಂಬುದು ನನ್ನ ವಾದ. ಅದಿಲ್ಲದಿದ್ದರೆ ಅಂಥವರು ಒತ್ತುವುದೇ ಇಲ್ಲ ಎಂಬುದು ಅವನದು. ಎರಡು ದಿನ ಇದೇ ಆಯಿತು. ಕೊನೆಗೆ ಅವನು ಸೋತ ಎನ್ನುವುದಕ್ಕಿಂತ, ಲಗ್ನಪತ್ರಿಕೆ ಒಯ್ಯಲು ಹೆಣ್ಣಿನ ಕಡೆಯವರು ಬಂದು ನಿಂತರು, ಅವನಿಗೆ ಪುರುಸೊತ್ತಾಗಲಿಲ್ಲ.

ಎಷ್ಟು ಮತ ಬಿದ್ದಿದೆ ಎಂದು ಮುಗಿಯುವವರೆಗೆ ತೋರಿಸಬಾರದು ಎಂಬುದು ನನ್ನ ಹಟ. ಯಾವ ಕಡೆ ಹೆಚ್ಚಿದೆಯೋ ಆ ಕಡೆಗೇ ಜನ ವಾಲುತ್ತಾರೆ. ಪ್ರಶ್ನೆಯ ಒಕ್ಕಣೆಯನ್ನಂತೂ ನಾನೇ ಬರೆದೆ, ಹಲವು ಸಲ ಹೊಡೆದುಹಾಕಿದೆ. ‘ಏಳರ ಬಸ್ಸು ಉಳಿಯಬೇಕೇ’ ಎಂದು ಕೇಳಿದರೆ ಉಳಿಸಿ ಎಂದು ಹೇಳಿಕೊಟ್ಟಂತೆ. ‘ಐದಕ್ಕೆ ಬದಲಾಗಬೇಕೇ’ ಎಂದರೆ ಬದಲಾವಣೆ ಒಳ್ಳೆಯದು ಎಂದಂತೆ. ಕೊನೆಗೆ ‘ಕಡೂರು–ಅಜ್ಜಂಪುರ ಸಂಜೆಯ ಬಸ್ಸು ಎಷ್ಟು ಗಂಟೆಗೆ ಹೊರಡಬೇಕು?’ ಎಂದು ನಿಂತಿತು. ಉತ್ತರಗಳಲ್ಲಿ ಯಾವುದು ಮೇಲೆ ಬರಬೇಕು ಎಂಬುದಕ್ಕೂ ಅಳೆದು ಸುರಿದೆ. ಗಡಿಯಾರದ ಕ್ರಮವೇ ನ್ಯಾಯ ಎಂದು ಐದನ್ನು ಮೇಲಿಟ್ಟೆ. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ತಪ್ಪಾಗಲು ಜಾಗ ಉಳಿದಿಲ್ಲ ಎಂದುಕೊಂಡಿದ್ದೆ.

ಆಕೆಯ ಹೊಸ ಬರಹದ ಕೆಳಗೆ ಮತದ ಪೆಟ್ಟಿಗೆ ಇಟ್ಟೆವು. ಬರಹದಲ್ಲಿ ನಿಮ್ಮ ಕೆಲಸದ ವಿಷಯ ಬರೆಯಬೇಡಿ, ಅದು ಪ್ರಚಾರವಾಗುತ್ತದೆ ಎಂದು ನಾನೇ ಹೇಳಿದ್ದೆ. ಆಕೆ ಬರೆಯಲಿಲ್ಲ. ವಾರದ ಕೊನೆಗೆ ಪೆಟ್ಟಿಗೆ ಮುಚ್ಚಿತು, ಎಣಿಕೆ ತಾನಾಗಿಯೇ ತೆರೆಯಿತು. ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಐದು ಗಂಟೆಗೆ.

ಅಂಗಡಿಯ ಊಟದ ಬಿಡುವಿನಲ್ಲಿ ಆಕೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಗೊಂದಲ ಇತ್ತು.

“ಎಲ್ಲೋ ಏನೋ ತಪ್ಪಾಗದೆ ಸಾರ್. ನಮ್ಮೂರೋರೆಲ್ಲ ಏಳಕ್ಕೇ ಒತ್ತವ್ರೆ. ಆಚೆ ಊರು, ಈಚೆ ಊರು, ಎಲ್ಲ ಕಡೆನೂ ಒತ್ತವ್ರೆ. ನಂಗೆ ಹೇಳವ್ರೆ.”

“ನೀವು ಒತ್ತಿದಿರಾ?”

“ನಾನಾ? ಛೆ. ನನ್ನ ವಿಷ್ಯಕ್ಕೆ ನಾನೇ ಹೆಂಗ್ ಒತ್ಲಿ ಸಾರ್? ನೋಡಿದೋರು ಏನಂತಾರೆ?”

ಮತ ಗುಟ್ಟಾಗಿರುತ್ತದೆ, ಯಾರಿಗೂ ಕಾಣುವುದಿಲ್ಲ ಎಂದೆ. ನನಗೆ ಗೊತ್ತಿರುತ್ತದಲ್ಲ ಎಂದರು.

ಗೆಳೆಯನನ್ನು ಕೇಳಿದೆ. ಅವನು ಒಳಗಿನದನ್ನೆಲ್ಲ ತೆಗೆದು ನೋಡಿ, ಎಣಿಕೆ ಸರಿಯಿದೆ ಎಂದ. ನನಗೆ ಸಮಾಧಾನವಾಗಲಿಲ್ಲ. ಡೆಸ್ಕಿನಲ್ಲಿದ್ದಾಗ ಇಬ್ಬರು ವರದಿಗಾರರು ಬೇರೆ ಬೇರೆ ಹೇಳಿದರೆ ಯಾರಾದರೂ ಜಾಗಕ್ಕೇ ಹೋಗಿ ನೋಡಬೇಕು ಎಂಬುದು ನಿಯಮ. ಮರುದಿನ ಬೆಳಗ್ಗೆ ತರೀಕೆರೆಯಿಂದ ಹೊರಟು ಆಕೆಯ ಊರಿಗೆ ಹೋದೆ.

ಊರಿನ ಜನ ಒಟ್ಟಿಗೆ ಸಿಗುವುದು ಹಾಲಿನ ಡೈರಿಯ ಮುಂದೆ. ಬೆಳಗ್ಗೆ ಕ್ಯಾನು, ತಂಬಿಗೆ, ಸ್ಟೀಲಿನ ಬಕೆಟು ಹಿಡಿದು ಸಾಲು ನಿಲ್ಲುತ್ತಾರೆ. ಡೈರಿಯ ಸೆಕ್ರೆಟರಿ ಐವತ್ತರ ಆಸುಪಾಸಿನವರು, ಹಾಲು ಅಳೆಯುತ್ತಲೇ ಊರಿನ ಅರ್ಧ ವ್ಯವಹಾರ ಮುಗಿಸುವವರು. ನಾನು ತಾಣದ ಕಡೆಯಿಂದ ಬಂದಿದ್ದೇನೆ ಎಂದಾಗ ಮುಖ ಅರಳಿತು.

“ಓ, ಬಸ್ಸಿನ ಓಟಾ? ಆಯ್ತಲ್ಲ ಸಾರ್, ನಾವು ಮೊದಲ್ನೇ ದಿನನೇ ಮಾಡಿ ಮುಗಿಸಿದ್ವಿ. ಇಲ್ಲೇ ಮಾತಾಡಿದ್ವಿ. ಎಲ್ಲ ಒಪ್ಪಿದ್ರು. ಏಳಕ್ಕೇ ಇರ್ಲಿ ಅಂತ ತೀರ್ಮಾನ ಆಯ್ತು. ಒತ್ಬಿಟ್ಟೆ.”

“ಒತ್ತಿದ್ದು ಯಾರು?”

“ನಾನೇ.”

“ಉಳಿದವರು?”

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ಉಳ್ದೋರದ್ದೂ ಸೇರ್ಸೇ ಒತ್ತಿದ್ದು ಸಾರ್. ಊರ್ದೆಲ್ಲ ಒಂದೇ ಮಾತು. ಒಂದು ಮಾತಿಗೆ ಎಷ್ಟು ಸಲ ಒತ್ತಣ?”

ಸಾಲಿನಲ್ಲಿದ್ದ ಒಬ್ಬರು, “ನಾನು ಮನೇಲಿ ಒತ್ತಕ್ಕೆ ಹೋದೆ. ಸೆಕ್ರೆಟ್ರಿ ಅಣ್ಣ ಒತ್ತವ್ನೆ, ಮತ್ತೆ ಯಾಕೆ ಅಂತ ಸುಮ್ನಾದೆ” ಎಂದರು. ಆಚೆ ಊರಿನಲ್ಲೂ ಹೀಗೇ, ಅಲ್ಲಿ ಮಾಜಿ ಪಂಚಾಯ್ತಿ ಮೆಂಬರು ಒತ್ತಿದ್ದರಂತೆ. ಈಚೆ ಊರಿನಲ್ಲಿ ಅಂಗಡಿಯವರು.

 ಇದು ಹೊಳೆಯದೆ ಹೋದದ್ದು ಹೇಗೆ ಎಂಬುದೇ ನನ್ನನ್ನು ಕೆರಳಿಸಿತು. ಈ ಭಾಗದ ಹಳ್ಳಿಗಳಿಂದ ಪತ್ರಿಕೆಗೆ ಬರುತ್ತಿದ್ದ ಮನವಿಗಳ ಕೊನೆಯಲ್ಲಿ ಯಾವಾಗಲೂ ಒಂದೇ ಹೆಸರು, ಅದರ ಮುಂದೆ ‘ಮತ್ತು ಗ್ರಾಮಸ್ಥರು’ ಎಂದು ಇರುತ್ತಿತ್ತು. ಆ ‘ಮತ್ತು ಗ್ರಾಮಸ್ಥರು’ ಎಷ್ಟು ಜನ ಎಂದು ನಾವೂ ಕೇಳುತ್ತಿರಲಿಲ್ಲ, ಕೊಟ್ಟವರೂ ಹೇಳುತ್ತಿರಲಿಲ್ಲ. ಗ್ರಾಮಸ್ಥರ ಆಗ್ರಹ ಎಂದು ಶೀರ್ಷಿಕೆ ಕೊಟ್ಟು ಅಚ್ಚು ಮಾಡುತ್ತಿದ್ದೆವು. ಓಟಿಪಿಯಿಂದ ಹಿಡಿದು ಗಡಿಯಾರದ ಕ್ರಮದವರೆಗೆ ಯೋಚಿಸಿದ ನಮಗಿಬ್ಬರಿಗೂ, ಒಂದು ಊರು ಕೂತು ಮಾತಾಡಿ ಒಂದು ಸಲ ಒತ್ತುತ್ತದೆ ಎಂದು ಹೊಳೆದಿರಲಿಲ್ಲ. ಒಬ್ಬ ಎರಡು ಸಲ ಒತ್ತಿದರೆ ಹಿಡಿಯಲು ಬೀಗ ಮಾಡಿದ್ದೆವು. ನೂರು ಜನ ಸೇರಿ ಒಂದು ಸಲ ಒತ್ತಿದರೆ ಏನು ಮಾಡಬೇಕು ಎಂಬುದು ನಮ್ಮ ಕೋಡಿನಲ್ಲಿ ಇರಲಿಲ್ಲ.

ವಾಪಸು ಹೊರಟಾಗ ಖಾಲಿ ಬಕೆಟು ಹಿಡಿದ ಒಬ್ಬ ಅಜ್ಜಿ ಜೊತೆಗೆ ನಡೆಯುತ್ತ ಬಂದರು.

“ನಿಂಗೊಂದು ಮಾತು ಹೇಳ್ಲೇನಪ್ಪಾ? ನಂಗೆ ಐದರ ಬಸ್ಸೇ ಒಳ್ಳೇದು. ಬೀರೂರು ಆಸ್ಪತ್ರೆಗೆ ಹೋದ್ರೆ ಬೆಳಕಿದ್ದಂಗೇ ಮನೆ ಸೇರ್ಬೌದು. ನನ್ನಂಗೆ ಇನ್ನೂ ಸುಮಾರು ಜನ ಅವ್ರೆ.”

“ಮತ್ತೆ ಡೈರಿಯಲ್ಲಿ ಯಾಕೆ ಹೇಳಲಿಲ್ಲ ಅಜ್ಜಿ?”

“ಹೆಂಗ್ ಹೇಳದು? ಆ ಮಗಿನ ಕೆಲ್ಸ ಹೋಗ್ತದಂತಲ್ಲ. ನಂಗೇನು, ಕತ್ಲಲ್ಲಿ ಬಂದ್ರೂ ಬತ್ತೀನಿ.” ಸ್ವಲ್ಪ ಮುಂದೆ ಹೋಗಿ ತಿರುಗಿ, “ಇದ ನಿನ್ನ ಕಂಪೂಟ್ರಲ್ಲಿ ಹಾಕ್ಬೇಡ, ಸೆಕ್ರೆಟ್ರಿ ಬೈತಾನೆ” ಎಂದರು.

ಬೀರೂರಿನಲ್ಲಿ ಇಳಿದು ಗೆಳೆಯನಿಗೆ ಡೈರಿಯ ಮುಂದೆ ಕೇಳಿದ್ದನ್ನು ಹೇಳಿದೆ. ಅವನು ಜೋರಾಗಿ ನಕ್ಕ. ಆಮೇಲೆ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡು, “ಮೂರೂರಿಂದು ಸೇರಿ ಎಷ್ಟು ಹಾಕ್ಲಿ ಹೇಳಿ ಸಾರ್. ಒಂದ್ ನಿಮಿಷದ ಕೆಲ್ಸ” ಎಂದ.

“ಹಾಕುವ ಹಾಗಿಲ್ಲ.”

“ಸುಳ್ಳೇನಲ್ವಲ್ಲ ಸಾರ್. ಅವ್ರೆಲ್ಲ ಹೇಳಿರೋದು ನಿಜ ತಾನೇ?”

“ಹೇಳಿದ್ದಾರೆ. ಒತ್ತಿಲ್ಲ.”

“ಅಯ್ಯೋ, ಆಯಮ್ಮನ ಕೆಲ್ಸ ಹೋಗ್ತದೆ ಸಾರ್! ನೀವು ಒತ್ತಿಲ್ಲ ಒತ್ತಿಲ್ಲ ಅಂತ ಕೂತ್ರೆ?”

ನನ್ನ ಹತ್ತಿರ ಇದ್ದದ್ದು ನಿಯಮ ಮಾತ್ರ. ಅಜ್ಜಿಯ ಮಾತನ್ನು ಅವನಿಗೂ ಹೇಳಲಿಲ್ಲ. ಊರಿನ ಆ ಒಂದು ಮತವನ್ನು ಬಿಡಿಸಿ ಎಣಿಸಿದರೆ ಒಳಗೆ ಐದರವರೂ ಸಿಗುತ್ತಾರೆ. ಬಿಡಿಸದೆ ಎಣಿಸಿದರೆ ಒಂದೇ. ಕೈಯಿಂದ ಹಾಕುವುದಾದರೆ ಎಷ್ಟು ಹಾಕುವುದು? ಅವರ ಮನಸ್ಸಿನಲ್ಲಿ ಇದ್ದದ್ದನ್ನೋ, ಅವರು ಬಿಟ್ಟುಕೊಟ್ಟದ್ದನ್ನೋ? ಈ ಪ್ರಶ್ನೆ ನನಗೆ ಇಂದಿಗೂ ಕಿರಿಕಿರಿ ಕೊಡುತ್ತದೆ.

ಇನ್ನೊಂದು ಸಲ ಮತ ಕೇಳೋಣ ಎಂದು ತೀರ್ಮಾನಿಸಿದೆ. ಈ ಸಲ ಪೆಟ್ಟಿಗೆಯ ಮೇಲೆ ‘ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಿಂದ ಒತ್ತಬೇಕು’ ಎಂದು ದಪ್ಪ ಅಕ್ಷರದಲ್ಲಿ ಬರೆದೆ, ಹೆಸರು ಬೇಡ, ಊರು ಮಾತ್ರ ತಿಳಿಸಿ ಎಂದೂ ಸೇರಿಸಿದೆ. ಡೈರಿಯ ಸೆಕ್ರೆಟರಿಗೆ ಫೋನ್ ಮಾಡಿ ತಿಳಿಸಿದೆ. 

“ಅಂದ್ರೆ ನಾನು ಊರಿನ ಪರವಾಗಿ ಒತ್ತಿದ್ದು ನಡೆಯಲ್ಲ ಅಂತೀರಾ?”

“ಹಾಗಲ್ಲ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ.”

“ಯಂತ್ರಕ್ಕೆ ಗೊತ್ತಾಗ್ದಿದ್ರೆ ಬಿಡಿ, ನಿಮಗೆ ಗೊತ್ತಾಯ್ತಲ್ಲ? ಬಂದು ನೋಡ್ಕೊಂಡೂ ಹೋದ್ರಿ. ಈಗ ಒಬ್ಬೊಬ್ಬರನ್ನೂ ಕರ್ದು ನೀನೂ ಒತ್ತು, ನೀನೂ ಒತ್ತು ಅಂದ್ರೆ, ಸೆಕ್ರೆಟ್ರಿ ಮಾತು ನಂಬಂಗಿಲ್ಲ ಅಂತ ನಾನೇ ಸಾರಿದಂಗಾಯ್ತದೆ. ನಾಳೆ ಹಾಲಿನ ಅಳತೆನೂ ನಂಬಲ್ಲ ಅಂತಾರೆ.”

ನಾನು ವಿವರಿಸಿದೆ. ವಿವರಿಸಿದಷ್ಟೂ ಅವರು ಹೆಚ್ಚು ಮರ್ಯಾದೆಯಿಂದ ಮಾತಾಡತೊಡಗಿದರು. ನಮ್ಮ ಕಡೆ ಅದು ಒಳ್ಳೆಯ ಲಕ್ಷಣವಲ್ಲ.

ಎರಡನೆಯ ಸಲವೂ ಆ ಊರುಗಳಿಂದ ಹೆಚ್ಚು ಮತ ಬರಲಿಲ್ಲ. ಬಂದದ್ದು ಬೆರಳೆಣಿಕೆ, ಅದರಲ್ಲೂ ಅರ್ಧ ಐದಕ್ಕೆ. ಕಾಲೇಜು ಹುಡುಗರು ಮಾತ್ರ ಮೊದಲಿನ ಹಾಗೆಯೇ ಒಬ್ಬೊಬ್ಬರಾಗಿ ಒತ್ತಿದರು. ಯಾರೂ ಮೋಸ ಮಾಡಲಿಲ್ಲ. ಅವರದು ನಿಜವಾದ ಕಷ್ಟ. ಒಂದು ಸಂಜೆ ಕಡೂರು ಸ್ಟ್ಯಾಂಡಿನಲ್ಲಿ ನಾನೇ ಕೂತು ನೋಡಿದ್ದೆ. ನಾಲ್ಕೂವರೆಗೆ ಬಂದವರು ಕತ್ತಲಾಗುವವರೆಗೆ ಒಂದು ಪೊಟ್ಟಣ ಕಡಲೆಕಾಯಿಯನ್ನು ನಾಲ್ವರು ಹಂಚಿಕೊಂಡು ಕೂತಿದ್ದರು. ಒಬ್ಬಳು ಹುಡುಗಿ ಬೆಂಚಿನ ಮೇಲೆ ರೆಕಾರ್ಡ್ ಪುಸ್ತಕ ಇಟ್ಟು ಕಪ್ಪೆಯ ಚಿತ್ರ ಬರೆಯುತ್ತಿದ್ದಳು. ಬಸ್ಸು ಬೇಗ ಬಂದರೆ ಮನೆಯಲ್ಲಿ ಬರೆಯಬಹುದು ಎಂದಳು.

ಫಲಿತಾಂಶದ ಕೆಳಗೆ ನಾನು ಒಂದು ಟಿಪ್ಪಣಿ ಹಾಕಿದೆ: ಈ ಎಣಿಕೆ ಫೋನುಗಳದ್ದು, ಜನರದ್ದಲ್ಲ; ಕೆಲವು ಹಳ್ಳಿಗಳು ಒಟ್ಟಾಗಿ ತೀರ್ಮಾನಿಸಿ ಒಂದೇ ಮತ ಹಾಕಿವೆ. ಬಸ್ ಮಾಲೀಕರಿಗೂ ಕಳಿಸಿದೆ. ಅವರು ಫೋನ್ ಮಾಡಿದರು.

“ಟಿಪ್ಪಣಿ ಎಲ್ಲ ಇರ್ಲಿ ಸಾರ್, ಗೆದ್ದಿದ್ದು ಯಾವ್ದು? ಐದು ತಾನೇ? ನೀವೇ ಕೇಳಿದ್ರಿ, ನೀವೇ ಹೇಳಿದ್ರಿ. ಎರಡು ಸಲ ಬೇರೆ. ಬರೋ ತಿಂಗಳಿಂದ ಐದಕ್ಕೆ ಬಿಡ್ತೀನಿ.”

ಆಕೆಗೆ ನಾನೇ ತಿಳಿಸಿದೆ. ಅಂಗಡಿಯಲ್ಲಿ ಬೇಗ ಬಿಡುತ್ತಾರಾ ಎಂದು ಕೇಳಿದೆ. ಆಗಲೇ ಕೇಳಿದ್ದರಂತೆ, ಸಂಜೆಯ ಹೊತ್ತಿಗೇ ಗಿರಾಕಿ ಜಾಸ್ತಿ, ಆಗ ಬಿಲ್ ಹಾಕುವವರು ಇಲ್ಲದಿದ್ದರೆ ಹೇಗೆ ಎಂದರಂತೆ. ತಿಂಗಳ ಕೊನೆಯವರೆಗೆ ಬನ್ನಿ, ಆಮೇಲೆ ನಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರಂತೆ. “ಆಯ್ತು ಬಿಡಿ ಸಾರ್, ನೀವೇನ್ ಮಾಡ್ತೀರಿ” ಎಂದರು. ಬೈದಿದ್ದರೆ ವಾಸಿಯಿತ್ತು.

ಮುಂದೆ ನಡೆದದ್ದರಲ್ಲಿ ನನ್ನ ಪಾತ್ರವಿಲ್ಲ. ಕೇಳಿ ತಿಳಿದದ್ದು. ಡೈರಿಯ ಸೆಕ್ರೆಟರಿ, ಆಚೆ ಊರಿನ ಮಾಜಿ ಮೆಂಬರು, ಇನ್ನು ನಾಲ್ಕೈದು ಜನ, ಅವರ ಜೊತೆ ಆ ಅಜ್ಜಿಯೂ ಸೇರಿ ಒಂದು ಭಾನುವಾರ ಬೆಳಗ್ಗೆ ಬೀರೂರಿಗೆ ಹೋಗಿ ಮಾಲೀಕರ ಮನೆಯ ಜಗುಲಿಯ ಮೇಲೆ ಕೂತರಂತೆ. ಮಾಲೀಕರು ಕಾಫಿ ತರಿಸಿದರು. ಮಳೆ, ಕೊಬ್ಬರಿ ರೇಟು, ಯಾರದೋ ಮಗಳ ಮದುವೆ ಎಲ್ಲ ಆಯಿತು. ಬಸ್ಸಿನ ಮಾತು ಬಂದಾಗ ಮಾಲೀಕರು ಫೋನು ತೆಗೆದು ನಮ್ಮ ತಾಣದ ಎಣಿಕೆ ತೋರಿಸಿದರು. ಸೆಕ್ರೆಟರಿ ಅದನ್ನು ನೋಡಲೂ ಇಲ್ಲವಂತೆ.

“ಅದೆಲ್ಲ ಇರ್ಲಿ, ನಾವೇ ಬಂದಿದ್ದೀವಲ್ಲ” ಎಂದರಂತೆ.

ಎರಡನೆಯ ಸಲ ಕಾಫಿ ಬರುವ ಹೊತ್ತಿಗೆ ಏಳರ ಬಸ್ಸು ಏಳಕ್ಕೇ ಉಳಿದಿತ್ತು. ಮೂರು ವಾರ ನಾವು ಸ್ಟೂಲಿನ ಮೇಲೆ ಕೂತು ಕಟ್ಟಿದ್ದು, ಎರಡು ಸಲ ಜನರನ್ನು ಕೇಳಿದ್ದು, ನಾನು ಬರೆದ ಟಿಪ್ಪಣಿ, ಯಾವುದೂ ಆ ಜಗುಲಿಯ ಮೇಲೆ ಒಂದು ಲೋಟದಷ್ಟೂ ತೂಗಲಿಲ್ಲ.

ಗೆಳೆಯ ಕುಣಿದಾಡಿದ. “ಗೆದ್ವಿ ಸಾರ್!” ಎಂದ. ಗೆದ್ದದ್ದು ಯಾರು ಎಂದು ನಾನು ಕೇಳಿದೆ. ಮತದಲ್ಲಿ ಸೋತವರು ಮಾಲೀಕರ ಮನೆಗೆ ಹೋಗಿ ಗೆದ್ದರು. ಅದನ್ನು ಗೆಲುವು ಎಂದು ನಮ್ಮ ತಾಣದಲ್ಲಿ ಬರೆಯುವುದು ಹೇಗೆ? ಆಕೆಯ ಕೆಲಸ ಉಳಿಯಿತು, ನನಗೂ ನಿರಾಳವಾಯಿತು. ಆದರೆ ಅದನ್ನು ಹೇಳಿಕೊಳ್ಳುವ ಹಾಗಿರಲಿಲ್ಲ.

ಫಲಿತಾಂಶದ ಕೆಳಗೆ ಎರಡು ವಾಕ್ಯ ಸೇರಿಸಿದೆ: ‘ಮೇಲಿನ ಎಣಿಕೆ ಸರಿಯಾಗಿದೆ. ಬಸ್ಸು ಮೊದಲಿನಂತೆ ಏಳಕ್ಕೇ ಹೊರಡುತ್ತದೆ.’ ಇಷ್ಟು ವರ್ಷಗಳಲ್ಲಿ ನಾನು ಬರೆದ ವಾಕ್ಯಗಳಲ್ಲಿ ಇಷ್ಟು ಅಸಂಬದ್ಧವಾಗಿ ಕಾಣುವ, ಆದರೂ ಒಂದಕ್ಷರ ತಪ್ಪಿಲ್ಲದ ಜೋಡಿ ಬೇರೆ ಇಲ್ಲ.

ಮರುದಿನ ಅದರ ಕೆಳಗೆ ಒಂದು ಪ್ರತಿಕ್ರಿಯೆ ಬಂತು. ಕಾಲೇಜಿನ ಹುಡುಗಿ ಎಂದು ಹೇಳಿಕೊಂಡಿದ್ದಳು. ಸ್ಟ್ಯಾಂಡಿನಲ್ಲಿ ಕಪ್ಪೆ ಬರೆಯುತ್ತಿದ್ದವಳೋ ಬೇರೆಯವಳೋ ಗೊತ್ತಿಲ್ಲ. ‘ಹಾಗಾದರೆ ನಮ್ಮನ್ನು ಯಾಕೆ ಕೇಳಿದಿರಿ?’ ಎಂದು ಬರೆದಿದ್ದಳು. ಅಷ್ಟೇ.

ನಾನು ಮಾಲೀಕರಿಗೆ ಫೋನ್ ಮಾಡಿ, ಹುಡುಗರ ವಿಷಯಕ್ಕೆ ಏನು ಹೇಳುತ್ತೀರಿ ಎಂದು ಕೇಳಿದೆ. ಉತ್ತರ ಕೊಡಬೇಕಾದರೆ ಅವರ ಮಾತೂ ಬೇಕಿತ್ತು.

“ಹುಡುಗ್ರು ಪಾಪ, ನಂಗೂ ಗೊತ್ತು” ಎಂದರು. “ಆದ್ರೆ ಅವ್ರು ನಮ್ಮನೇಗೆ ಬಂದಿಲ್ವಲ್ಲ ಸಾರ್.”

“ಮತ ಹಾಕಿದ್ದಾರಲ್ಲ.”

“ಅದು ನಿಮ್ಮ ಹತ್ರ ಹಾಕವ್ರೆ. ನನ್ನ ಹತ್ರ ಬಂದು ಕೇಳಿದ್ರೆ ನಾನೂ ಒಂದು ಮಾತು ಯೋಚ್ನೆ ಮಾಡ್ತಿದ್ದೆ.”

ಹುಡುಗಿಗೆ ಕೊಡಬೇಕಾದ ಉತ್ತರ ಈಗ ನನ್ನ ಕೈಯಲ್ಲಿತ್ತು. ಅದನ್ನು ಟೈಪ್ ಮಾಡಿ ಪ್ರಕಟಿಸದೆ ಬಿಟ್ಟೆ. ಇದನ್ನು ಓದಿ ಕಾಲೇಜಿನವರೆಲ್ಲ ಒಂದು ಭಾನುವಾರ ಬೀರೂರಿಗೆ ಹೋಗಿ ಜಗುಲಿ ತುಂಬಿದರೆ? ಅಷ್ಟು ಜನರಿಗೆ ಇಲ್ಲ ಎನ್ನಲು ಮಾಲೀಕರಿಂದಾಗುವುದಿಲ್ಲ. ಬಸ್ಸು ಮತ್ತೆ ಐದಕ್ಕೆ ಹೋಗುತ್ತದೆ. ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕಲು ಬೇರೆಯವರು ಬರುತ್ತಾರೆ. ಹೇಳದಿದ್ದರೆ, ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಮುಚ್ಚಿಟ್ಟ ಹಾಗೆ. ಡೆಸ್ಕಿನಲ್ಲಿ ನಾನು ಇದಕ್ಕೆ ಯಾರಿಗೂ ವಿನಾಯಿತಿ ಕೊಟ್ಟಿರಲಿಲ್ಲ.

ಏಳಾದ ಮೇಲೆ ಆಕೆಗೆ ಫೋನ್ ಮಾಡಿದೆ. ಬಸ್ಸಿನೊಳಗಿನ ಗಲಾಟೆಯ ಮಧ್ಯೆ ಆಕೆಯ ದನಿ ಕೇಳಿತು. ಹುಡುಗಿಯ ಪ್ರಶ್ನೆಯನ್ನೂ ಮಾಲೀಕರ ಮಾತನ್ನೂ ಓದಿ ಹೇಳಿದೆ. ಪ್ರಕಟಿಸಿದರೆ ನಿಮಗೇನಾಗಬಹುದು ಎಂಬುದನ್ನೂ ಹೇಳಿದೆ.

 “ಹಾಕಿ ಸಾರ್” ಎಂದರು ಆಕೆ. “ಆ ಹುಡುಗೀರು ನಮ್ಮ ಬಸ್ಸಲ್ಲೇ ನಿಂತ್ಕೊಂಡು ಬರ್ತಾವೆ. ಇವತ್ತೂ ಇಲ್ಲೇ ಅವೆ. ಅವ್ರ ಮುಖ ನೋಡ್ಕೊಂಡು ನಾನೆಂಗೆ ಬೇಡ ಅನ್ಲಿ?”

“ಅವರು ಮಾಲೀಕರ ಮನೆಗೆ ಹೋದರೆ?”

“ಹೋಗ್ಲಿ. ಆಮೇಲೆ ನಾವೂ ಇನ್ನೊಂದ್ಸಲ ಹೋಗ್ತೀವಿ.”

“ಹೀಗಾದರೆ ಇದು ಮುಗಿಯುವುದು ಯಾವಾಗ?”

“ಯಾಕ್ ಮುಗೀಬೇಕು ಸಾರ್?” ಎಂದರು. ಯಾರಿಗೋ ಜಾಗ ಬಿಡಿ ಎಂದು ಕಂಡಕ್ಟರು ಕೂಗುತ್ತಿದ್ದರು, ಮುಂದಿನದು ಕೇಳಿಸಲಿಲ್ಲ.

ಪೆಟ್ಟಿಗೆಯನ್ನು ಮಾಡುವಾಗ ಮುಚ್ಚುವ ದಿನ ಯಾವುದು ಎಂದು ಗೆಳೆಯ ಕೇಳಿದ್ದ, ನಾನು ಒಂದು ದಿನ ಹೇಳಿದ್ದೆ. ಇಂಥದ್ದೊಂದು ದಿನಕ್ಕೆ ಈ ವಿಷಯ ಮುಗಿಯುತ್ತದೆ ಎಂದು ನಂಬಿದ್ದವರು ಈ ಇಡೀ ದಾರಿಯಲ್ಲಿ ನಾವಿಬ್ಬರೇ ಇರಬೇಕು.

ಹುಡುಗಿಯ ಪ್ರಶ್ನೆಯ ಕೆಳಗೆ ಉತ್ತರ ಹಾಕಿದೆ. ಮಾಲೀಕರು ಹೇಳಿದ್ದನ್ನು ಹೇಳಿದಂತೆಯೇ, ಅವರ ಒಪ್ಪಿಗೆ ಪಡೆದು, ಹಾಕಿದೆ. ಅವರು ಭಾನುವಾರ ಬೆಳಗ್ಗೆ ಮನೆಯಲ್ಲಿರುತ್ತಾರೆ ಎಂಬುದನ್ನು ಸೇರಿಸಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಅದೂ ಮಾಹಿತಿಯೇ. ಸೇರಿಸಿದೆ.